ಹತ್ತಿ ಧೂಳಿನ ಕೆಮ್ಮಲ್ಲ

ಹಾಸಿಗೆ ಹೊಲಿಯುವ ಮನೆಯಲ್ಲಿ ಯಾರು ಕೆಮ್ಮಿದರೂ ಹತ್ತಿಯ ಮೇಲೇ ತಪ್ಪು ಹೊರಿಸುತ್ತಾರೆ. ಈ ಮನೆಯಲ್ಲೂ ಹಾಗೇ ಆಯಿತು. ಮುಂದಿನ ಕೋಣೆಯಲ್ಲಿ ಹತ್ತಿ ಬಿಡಿಸುವ ಯಂತ್ರ, ಹಿಂದೆ ಅಣ್ಣ ತಮ್ಮಂದಿರ ಸಂಸಾರ. ಹೋದ ತಿಂಗಳು ಅಣ್ಣನ ಐದು ತಿಂಗಳ ಗಂಡುಮಗು ಕೆಮ್ಮಿ ಕೆಮ್ಮಿ ತೀರಿಕೊಂಡಿತು. ಈಗ ತಮ್ಮನ ನಲವತ್ತು ದಿನದ ಹೆಣ್ಣುಮಗು ಹಾಲು ಕುಡಿಯುತ್ತಿಲ್ಲ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ. ಮಗುವಿನ ತಂದೆ ಹಾಸಿಗೆ ತಲುಪಿಸಲು ಹೋಗಿದ್ದಾನೆ; ತಾಯಿ ಮನೆಯ ಹಿರಿಯನಾದ ಅಣ್ಣನ ಅಪ್ಪಣೆಗೆ ಕಾಯುತ್ತಿದ್ದಾಳೆ.

ಆರೋಗ್ಯ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಅಣ್ಣ ಕೈಯಲ್ಲಿದ್ದ ಸೂಜಿ ಕೆಳಗಿಡಲಿಲ್ಲ.

“ಬಂದ್ರಾ ಸಿಸ್ಟರ್? ಮೂಗು ಕಂಡ್ರೆ ಸಾಕು, ಕಡ್ಡಿ ಹಿಡ್ಕೊಂಡು ಓಡಿ ಬರ್ತೀರಲ್ಲ!”

“ಮಗೂನ ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಅಣ್ಣ. ಪರೀಕ್ಷೆಗೆ ಕಡ್ಡೀಲಿ ಮೂಗಿನ ದ್ರವದ ಮಾದರಿ ಅಲ್ಲೇ ತಗೋತಾರೆ.”

“ನನ್ನ ಮಗನಿಗೂ ತಗೊಂಡ್ರಿ. ರಿಪೋರ್ಟಲ್ಲಿ ಏನೂ ಇಲ್ಲ ಅಂತ ನೀವೇ ಬಂದು ಹೇಳಿದ್ರಿ. ಮೂರನೇ ದಿನಕ್ಕೆ ಮಣ್ಣು ಮಾಡಿ ಬಂದೆ.”

ಕಾರ್ಯಕರ್ತೆ ಚಪ್ಪಲಿ ಬಿಟ್ಟು ಒಳಗೆ ಬಂದಳು.

“ಅದು ನನ್ನ ತಪ್ಪು. ಆಗ ನಮ್ಮಲ್ಲಿ ಎರಡೇ ವೈರಸ್‌ಗೆ ಪರೀಕ್ಷೆ ಇತ್ತು. ಅವೆರಡು ಇಲ್ಲ ಅನ್ನೋ ಬದಲು ಏನೂ ಇಲ್ಲ ಅಂದ್ಬಿಟ್ಟೆ.”

“ಅದಕ್ಕೇ ನಾವು ಹತ್ತಿ ಧೂಳು ಅಂದ್ಕೊಂಡ್ವಿ,” ಎಂದಳು ಅಣ್ಣನ ಹೆಂಡತಿ. “ಆಸ್ಪತ್ರೆಗೆ ಹೋಗೋಣ ಅಂದ್ರೆ ಇವರು ಬೇಡ ಅಂದ್ರು. ತೊಟ್ಟಿಲನ್ನ ಅತ್ತೆ ಕೋಣೆಗೆ ಹಾಕಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ ಕೂತ್ವಿ.”

“ಈ ಮಗು ತೊಟ್ಟಿಲು ಎಲ್ಲಿದೆ?”

“ಅಲ್ಲೇ.”

ಆ ಕೋಣೆಯಿಂದ ಮಗುವಿನ ಅಜ್ಜಿ ಸೀನಿದ್ದು ಕೇಳಿಸಿತು.

“ಪರೀಕ್ಷೆ ಮಾಡೋ ವೈರಸ್‌ಗಳ ಪಟ್ಟಿ ಈಗ ದೊಡ್ಡದಾಗಿದೆ, ಅಣ್ಣ. ಆರ್‌ಎಸ್‌ವಿ ಅಂತ ಒಂದಿದೆ. ದೊಡ್ಡೋರಿಗೆ ಹೆಚ್ಚಾಗಿ ಬರೀ ನೆಗಡಿ ಥರ ಇರುತ್ತೆ, ಹಸುಗೂಸಿಗೆ ಉಸಿರೇ ಕಟ್ಟಿಸುತ್ತೆ. ಅದನ್ನೂ ನೋಡ್ತಾರೆ.”

“ನೋಡಿದ್ರೆ? ಔಷಧಿ ಇದ್ಯಾ?”

“ಸುಳ್ಳು ಹೇಳಲ್ಲ. ಇವಳಿಗೆ ಕೊಟ್ಟ ಕೂಡ್ಲೇ ವಾಸಿ ಮಾಡೋ ಔಷಧಿ ಇಲ್ಲ. ಆಮ್ಲಜನಕ ಕೊಟ್ಟು ಉಸಿರು ಕಾಯ್ತಾರೆ. ಆದ್ರೆ ಯಾವುದು ಹರಡ್ತಿದೆ ಅಂತ ಗೊತ್ತಾದ್ರೆ ಮಕ್ಕಳ ವಾರ್ಡಲ್ಲಿ ಬೆಡ್ಡು ಮೊದಲೇ ಸಿದ್ಧ ಇಡ್ತಾರೆ. ಮನೆಮನೆಗೂ ಎಚ್ಚರಿಕೆ ಕೊಡ್ಬಹುದು.”

ಅಣ್ಣ ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಮಗುವನ್ನು ತಂದು ವಾರಗಿತ್ತಿಯ ಕೈಗಿಟ್ಟಳು. “ನಡಿಯೇ. ಇವರ ಅಪ್ಪಣೆಗೆ ಕಾಯ್ತಾ ಒಂದು ಮಗು ಕಳ್ಕೊಂಡಿದ್ದು ಸಾಕು.”

ಅಣ್ಣ ಸೂಜಿ ಬಿಸಾಡಿ ಗಾಡಿ ತರಲು ಓಡಿದ.

ಮಗುವಿಗೆ ಇದ್ದದ್ದು ಆರ್‌ಎಸ್‌ವಿ. ಒಂಬತ್ತು ದಿನ ಆಮ್ಲಜನಕದಲ್ಲಿದ್ದು ಉಳಿಯಿತು. ಅದೇ ವಾರ ಅದೇ ಬೀದಿಯ ಇನ್ನೂ ನಾಲ್ಕು ಮಕ್ಕಳ ಮಾದರಿಯಲ್ಲಿ ಅದೇ ವೈರಸ್ ಸಿಕ್ಕಿತು. ಅವರಲ್ಲಿ ಒಂದು ಮಗುವನ್ನು ಮಾತ್ರ ತಡವಾಗಿ ತಂದಿದ್ದರು. ಅದು ಉಳಿಯಲಿಲ್ಲ.

ಅಣ್ಣ ವಾರ್ಡಿನ ಹೊರಗೆ ಕಾರ್ಯಕರ್ತೆಯನ್ನು ಕೇಳಿದ: “ನನ್ನ ಮಗನಿಗೂ ಇದೇ ಇತ್ತಾ?”

“ಗೊತ್ತಿಲ್ಲ, ಅಣ್ಣ. ಇನ್ನು ಗೊತ್ತಾಗೋದೂ ಇಲ್ಲ.”

ಓದುಗರೇ, ಮಾದರಿ ಕೊಟ್ಟರೆ ಎಲ್ಲ ಮಕ್ಕಳೂ ಉಳಿಯುತ್ತಾರೆ ಎಂದು ಹೇಳಲಾರೆವು. ಆದರೂ ಕೇಳಿದಾಗ ಕೊಡಿ. ವರದಿಯಲ್ಲಿ ‘ಇಲ್ಲ’ ಎಂದಿದ್ದರೆ, ಯಾವ ಯಾವ ವೈರಸ್ ನೋಡಿದಿರಿ ಎಂದು ಕೇಳಿ. ನಿಮಗೆ ನೆಗಡಿಯಿದ್ದರೆ ಹಸುಗೂಸಿನಿಂದ ದೂರವಿರಿ. ಮಗು ಹಾಲು ಕುಡಿಯದಿದ್ದರೆ, ಎದೆ ಗುಳಿಬಿದ್ದರೆ, ವರದಿಗೂ ಕಾಯಬೇಡಿ, ಯಾರ ಅಪ್ಪಣೆಗೂ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.