ನಮ್ಮ ಹಲಸಿನ ಮರಕ್ಕೆ ಬಂದ ಸಿಂಗಳೀಕ

ಕೋತಿಗಳ ವಿಷಯದಲ್ಲಿ ನನಗೆ ಕರುಣೆ ಇಲ್ಲ ಎಂದು ಹನಕೆರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಎಳನೀರನ್ನು ಅರ್ಧ ಕುಡಿದು ಬುರುಡೆಯನ್ನು ನನ್ನ ತಲೆಯ ಮೇಲೇ ಎಸೆಯುವ ಜಾತಿಗೆ ಎಂಥ ಕರುಣೆ?

ಆಷಾಢದ ಒಂದು ಬೆಳಿಗ್ಗೆ ತೋಟದಲ್ಲಿ ಅವುಗಳ ಕಿರುಚಾಟ ಕೇಳಿ ಓಡಿದೆ. ನಮ್ಮ ತೋಟ ಹೆದ್ದಾರಿಗೆ ಅಂಟಿಕೊಂಡೇ ಇದೆ. ಬದುವಿನ ಮೇಲೆ ಒಂದೇ ಒಂದು ದೊಡ್ಡ ಹಲಸಿನ ಮರ, ಈಚೆಗೆಲ್ಲ ತೆಂಗು, ಆಚೆಗೆ ಬಾಳೆ. ಇಡೀ ಹಿಂಡು ಆ ಹಲಸನ್ನು ಸುತ್ತುವರಿದು ಹಲ್ಲು ಕಿರಿಯುತ್ತಿತ್ತು. ತಲೆ ಎತ್ತಿ ನೋಡಿದರೆ ತುತ್ತತುದಿಯಲ್ಲಿ ಒಂದು ಪ್ರಾಣಿ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದಿ ಬಣ್ಣದ ಕೇಸರ, ಬಾಲದ ತುದಿಗೆ ಕುಚ್ಚು. ನಾನು ಕಿಟಾರನೆ ಕಿರುಚಿಕೊಂಡೆ. ಹೆದರಿಕೆಗಲ್ಲ, ಖುಷಿಗೆ! ಇಷ್ಟು ವಯಸ್ಸಾದರೂ ಇಂಥದ್ದನ್ನು ನಾನು ನೋಡಿರಲಿಲ್ಲ.

“ಏನ್ರೀ, ಬಿರ್ರನೆ ಬನ್ನಿ! ಮರದ ಮ್ಯಾಲೆ ಏನೋ ಕುಂತದೆ!” ಎಂದು ಕೂಗಿದೆ.

ನನ್ನ ಗಂಡ ಪುಟ್ಟರಾಜು ಬಾಯಲ್ಲಿ ಬ್ರಷ್ಷು ಕಚ್ಚಿಕೊಂಡೇ ಓಡಿಬಂದರು. ಮೇಲೆ ನೋಡಿದರು, ಬ್ರಷ್ಷು ಬೀಳಿಸಿ ಕೈ ಮುಗಿದರು. “ಮಂಗಳಾ, ಇದು ಕೋತಿ ಅಲ್ಲ ಕಣೆ. ಆಂಜನೇಯಸ್ವಾಮಿನೇ ಗಡ್ಡ ಬುಟ್ಕಂಡು ಬಂದವ್ನೆ!”

ಅಷ್ಟು ಸಾಕಾಯಿತು. ನೋಡನೋಡುತ್ತಿದ್ದಂತೆ ಅರ್ಧ ಊರು ನಮ್ಮ ತೋಟದಲ್ಲಿತ್ತು. ಹಣ್ಣು, ಕರ್ಪೂರ, ಎತ್ತಿ ಹಿಡಿದ ಮೊಬೈಲು. ಅರ್ಚಕ ಯೋಗಾನರಸಿಂಹ ಗಂಟೆ ಹಿಡಿದೇ ಬಂದರು. ಜನ ಹಣ್ಣು ಎಸೆದಷ್ಟೂ ಆ ಪ್ರಾಣಿ ಎಲೆಯೊಳಗೆ ಮುದುಡಿಕೊಂಡಿತು.

ಆಗ ಬಂದಳು ನನ್ನ ಸೊಸೆ ದೀಪಿಕ. ಮದ್ದೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾಳೆ, ಮನೆಯಲ್ಲಿ ಜಿರಳೆ ಕಂಡರೆ ಮಂಚ ಹತ್ತುತ್ತಾಳೆ. ಮರ ನೋಡಿದವಳೇ ನನ್ನ ತೋಳು ಹಿಡಿದು ಕುಣಿದೇಬಿಟ್ಟಳು.

“ಅತ್ತೆ, ಸಿಂಗಳೀಕ! ಪುಸ್ತಕದಲ್ಲಿ ನೋಡಿದ್ದು ಬಿಟ್ರೆ ಇದೇ ಮೊದಲು ಅತ್ತೆ!”

ಘಟ್ಟದ ಮಳೆಕಾಡು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದು ಇಲ್ಲವಂತೆ. ಅಲ್ಲಿಯೂ ಉಳಿದಿರುವುದು ಕೆಲವೇ ಸಾವಿರ. ಊಟ, ನಿದ್ದೆ, ಸಂಸಾರ ಎಲ್ಲ ಮರದ ನೆತ್ತಿಯಲ್ಲೇ, ನೆಲಕ್ಕೆ ಕಾಲಿಡುವುದೇ ಅಪರೂಪ. ಗಂಡು ಮರಿ ದೊಡ್ಡದಾದ ಮೇಲೆ ಹುಟ್ಟಿದ ಗುಂಪು ಬಿಟ್ಟು ಹೊರಡಬೇಕು, ಬೇರೆ ಗುಂಪು ಸೇರಬೇಕು. ಇವನು ಹಾಗೆ ಹೊರಟವನು, ಘಟ್ಟದಲ್ಲಿ ಹಲಸು ತುಂಬಿದ ಲಾರಿಯೊಳಗೆ ತಿನ್ನುತ್ತಾ ಕೂತು ಇಲ್ಲಿಗೆ ಬಂದಿರಬೇಕು ಎಂದು ದೀಪಿಕಳ ಊಹೆ. ಹೆಣ್ಣು ಹುಡುಕಲು ಹೊರಟು ಹನಕೆರೆ ಸೇರಿದನಲ್ಲ ಎಂದು ನನಗೆ ನಗು ಬಂತು.

ಅವಳು ಅರಣ್ಯ ಇಲಾಖೆಗೆ ಫೋನು ಮಾಡಿದಳು. ಅವನನ್ನು ಹಿಡಿಯಲು ಮೈಸೂರಿನಿಂದ ಪ್ರಾಣಿವೈದ್ಯರು ಬರಬೇಕು. ಅಲ್ಲಿಯ ತನಕ ಅವನು ಮರ ಬಿಡಕೂಡದು. ಬಿಟ್ಟರೆ ಒಂದು ಕಡೆ ಹೆದ್ದಾರಿಯ ಕಾರುಗಳು, ಇನ್ನೊಂದು ಕಡೆ ಊರ ನಾಯಿಗಳು. ಎರಡರಲ್ಲಿ ಯಾವುದಕ್ಕೆ ಸಿಕ್ಕರೂ ಸತ್ತ. ನನ್ನ ನಗು ಅಲ್ಲಿಗೇ ನಿಂತಿತು.

ಸುಮ್ಮನಿರಿ ಎಂದು ದೀಪಿಕ ಎಷ್ಟು ಬೇಡಿದರೂ ಜನ ಕೇಳಲಿಲ್ಲ. ಯೋಗಾನರಸಿಂಹ ಅವಳ ಮುಖ ನೋಡಿದರು. ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದು ಗಂಭೀರವಾಗಿ, “ಸ್ವಾಮಿ ಧ್ಯಾನದಲ್ಲಿದಾನೆ. ಸದ್ದು ಮಾಡಿದೋರಿಗೆ ಒಳ್ಳೇದಾಗಲ್ಲ” ಎಂದರು. ಗದ್ದಲ ತಟ್ಟನೆ ಅಡಗಿತು. ಅವರ ಜಾಣತನಕ್ಕೆ ಅಲ್ಲೇ ಅಡ್ಡಬೀಳಬೇಕೆನಿಸಿತು.

ಸಿಂಗಳೀಕ ಎಲೆಯೊಳಗಿಂದ ಮೆಲ್ಲಗೆ ಹೊರಬಂದ. ತೊಗಟೆ ಕಿತ್ತು, ಒಳಗಿನ ಹುಳ ಆರಿಸಿ ಬಾಯಿಗೆ ಹಾಕಿಕೊಂಡ. ಒಂದು ಹಲಸನ್ನು ಬಗೆದು ಗಬಗಬ ತಿಂದ, ಮಿಕ್ಕಿದ್ದನ್ನು ಕೆನ್ನೆಯ ಚೀಲಕ್ಕೆ ತುರುಕಿದ. ಕೆನ್ನೆ ಉಬ್ಬಿದ ಆ ಮುಖ ನೋಡಿ ನನಗೆ ಮುದ್ದು ಉಕ್ಕಿತು. ಆಮೇಲೆ ಕತ್ತೆತ್ತಿ “ಹೂ... ಹೂ...” ಎಂದು ದೂರಕ್ಕೆ ಕೇಳುವಂತೆ ಕರೆದ. ಯಾರೂ ಓಗೊಡಲಿಲ್ಲ. ಮತ್ತೆ ಕರೆದ. ನನ್ನ ಕಣ್ಣು ತುಂಬಿತು.

ಆದರೆ ಆ ಕೂಗಿಗೆ ನಮ್ಮ ಕೋತಿಗಳು ರೇಗಿದವು. ಹಿಂಡಿನ ಯಜಮಾನನಾದ ದಡಿಯ, ತನ್ನ ಜೊತೆಗಾರರನ್ನು ಕಟ್ಟಿಕೊಂಡು ಹಲಸು ಹತ್ತತೊಡಗಿದ. ಇವನು ಹೆದ್ದಾರಿಯ ಕಡೆಯ ಕೊಂಬೆಗೆ ಜಾರಿದ. ಕೊಂಬೆ ಬಾಗಿತು. ಕೆಳಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಾ ಹೋಯಿತು.

“ಕಲ್ಲು ತಗಳ್ರಲಾ!” ಎಂದರು ಪುಟ್ಟರಾಜು.

“ಬೇಡ ಮಾವ! ಕಲ್ಲು ಹೊಡೆದ್ರೆ ಸಿಂಗಳೀಕನೂ ರಸ್ತೆಗೆ ಹಾರ್ತಾನೆ!” ಎಂದು ದೀಪಿಕ ಅವರ ಕೈ ಹಿಡಿದಳು.

ಕೋತಿಗಳ ಗುಣ ನನಗೆ ಗೊತ್ತು. ಅವುಗಳಿಗೆ ಜಗಳಕ್ಕಿಂತ ಹೊಟ್ಟೆ ಮುಂದು. ಬದುವಿನ ಆಚೆಗೆ ನನ್ನ ಏಲಕ್ಕಿ ಬಾಳೆ ಇತ್ತು. ಶ್ರಾವಣದ ಹಬ್ಬಗಳಿಗೆಂದು ಸೋಲಾರ್ ಬೇಲಿ ಹಾಕಿ, ಗೊನೆಗಳಿಗೆ ಬಲೆ ಕಟ್ಟಿ, ಮಕ್ಕಳಂತೆ ಸಾಕಿದ್ದೆ. ಓಡಿಹೋಗಿ ಸ್ವಿಚ್ಚು ಆರಿಸಿದೆ, ಗೇಟು ತೆರೆದೆ, ಬಲೆ ಹರಿದೆ. ಹಣ್ಣಾಗತೊಡಗಿದ್ದ ಗೊನೆಯನ್ನು ಮಚ್ಚಿನಿಂದ ಕಡಿದು, “ಬನ್ರೋ, ಬಂದು ತಿನ್ರೋ!” ಎಂದು ಎತ್ತಿ ತೋರಿಸಿದೆ. ಒಂದೂ ಬರಲಿಲ್ಲ. ನನ್ನನ್ನು ನಂಬುವಷ್ಟು ದಡ್ಡ ಕೋತಿ ನಮ್ಮೂರಿನಲ್ಲಿಲ್ಲ.

ನಾನು ಬೆನ್ನು ತಿರುಗಿಸುವುದನ್ನೇ ಕಾಯುವುದು ಅವುಗಳ ರೂಢಿ. ಸರಿ, ಗೊನೆಯನ್ನು ನೆಲಕ್ಕಿಟ್ಟೆ, ಬೆನ್ನು ತಿರುಗಿಸಿದೆ, ಹಿಂದೆ ನೋಡದೆ ನಡೆದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ಎಡಕ್ಕೂ ಬಲಕ್ಕೂ ಕೋತಿಗಳು ದಬದಬ ಓಡಿದವು. ದಡಿಯನೂ ಮರದಿಂದ ಧುಮುಕಿ ಅವುಗಳ ಹಿಂದೆ ಬಿದ್ದ. ಸಿಂಗಳೀಕ ಒಂದು ಗಳಿಗೆ ತೂಗಾಡಿ, ನಡುಮರಕ್ಕೆ ಮರಳಿ ಕೂತ.

ವೈದ್ಯರು ಬಂದರು. ಮತ್ತಿನ ಸೂಜಿ ಹೊಡೆದರೆ ಬೀಳುತ್ತಾನೆ, ತಂದ ಬಲೆ ಸಣ್ಣದು, ಅಗಲವಾದದ್ದು ಏನಾದರೂ ಬೇಕು ಎಂದರು. ಯೋಗಾನರಸಿಂಹ ದೇವಸ್ಥಾನದ ದೊಡ್ಡ ಜಮಖಾನ ತರಿಸಿದರು. ಊರೆಲ್ಲ ಸೇರಿ ಅದರ ಅಂಚು ಹಿಡಿದು ನಿಂತೆವು. ಸೂಜಿ ತೊಡೆಗೆ ನಾಟಿತು. ಅವನ ಒಂದು ಕೈ ಜಾರಿತು. ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದು ನೇತಾಡಿದ, ಬಿಡಲೊಲ್ಲ.

“ಬುಡಪ್ಪ, ಕೈ ಬುಡು. ನಾವಿಲ್ವಾ ಕೆಳ್ಗೆ, ಬಾ ಮಗ” ಎಂದೆ ನಾನು.

ಬಿಟ್ಟ. ಜಮಖಾನ ಧೊಪ್ಪೆಂದು ಜಗ್ಗಿತು. ವೈದ್ಯರು ಬಗ್ಗಿ ಅವನ ಎದೆಗೆ ಕೈ ಇಟ್ಟರು. ರೆಪ್ಪೆ ಬಿಡಿಸಿ ನೋಡಿದರು, ಉಸಿರು ಎಣಿಸಿದರು. ಆಮೇಲೆ ತಲೆ ಎತ್ತಿ ನಕ್ಕು, “ಗಟ್ಟಿಯಾಗಿದ್ದಾನೆ. ವಾಪಸ್ ಘಟ್ಟಕ್ಕೇ ಬಿಡ್ತೀವಿ” ಎಂದರು. ಆಗ ಎದ್ದ ಕೂಗು ಮದ್ದೂರಿಗೂ ಕೇಳಿಸಿರಬೇಕು. ದೀಪಿಕ ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ನಾನೂ ಅತ್ತೆ, ನಕ್ಕೆ, ಏನೇನು ಮಾಡಿದೆನೋ ನೆನಪಿಲ್ಲ.

ಜೀಪು ಹೊರಟ ಮೇಲೆ ತೋಟದ ಕಡೆ ತಿರುಗಿದೆವು. ಗೊನೆಗೊಂದು ಕೋತಿ ಕೂತಿತ್ತು. ಪುಟ್ಟರಾಜು ಕೈಗೆ ಕಲ್ಲೆತ್ತಿಕೊಂಡು ನನ್ನ ಮುಖ ನೋಡಿದರು.

“ಬಿಸಾಕಿ ಅದ್ನ” ಎಂದೆ. “ಉಣ್ಣಕ್ಕೆ ಕುಂತೋರ್ನ ಎಬ್ಬುಸ್ಬಾರ್ದು. ಕರ್ದೋಳು ನಾನೇ ಅಲ್ವಾ?”