ಶುಲಾನ್ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ

ಮಗುವಿನ ಕಿವಿ ನೋವೆಂದರೆ ನಮ್ಮ ಕಡೆ ಮೊದಲು ಕೈ ಹೋಗುವುದು ಎಣ್ಣೆಯ ಬಟ್ಟಲಿಗೆ. ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಬೆಚ್ಚಗೆ ಮಾಡಿ, ನಾಲ್ಕು ತೊಟ್ಟು ಬಿಟ್ಟು ಮೇಲೆ ಹತ್ತಿ ಇಟ್ಟರೆ ಮುಗಿಯಿತು. ಹೊಸೂರಿನಾಚೆ, ತಮಿಳುನಾಡಿಗೆ ಸೇರಿದ ಸೂಳಗಿರಿಗೆ ಎರಡು ಮೈಲಿ ದೂರದ ಹಳ್ಳಿಯ ಅಕ್ಕಯಮ್ಮನೂ ಹಾಗೇ ಮಾಡಿದಳು. ಇದು ಅವಳ ಮನೆಯಲ್ಲಿ ನಡೆದ ಕಥೆ.

ಅಕ್ಕಯಮ್ಮನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಂದೂವರೆ ಎಕರೆಯಲ್ಲಿ ಕೊತ್ತಂಬರಿ ಸೊಪ್ಪು, ಟೊಮೆಟೊ ಬೆಳೆದು ಮಗ ಸುರೇಂದ್ರನನ್ನು ಓದಿಸಿದಳು. ಅವನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಅಚ್ಚು ಮಾಡುವ ಕೆಲಸ ಕಲಿತ. ಕಂಪನಿಯವರು ಅವನನ್ನು ಚೀನಾಕ್ಕೆ ಕಳಿಸಿದರು. ಒಂದು ವರ್ಷಕ್ಕೆಂದು ಹೋದವನು ಆರು ವರ್ಷ ಅಲ್ಲೇ ಉಳಿದ. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಶುಲಾನ್ ಎಂಬ ಹುಡುಗಿಯನ್ನು ಮದುವೆಯಾದ. ಹೆಣ್ಣು ಮಗುವೂ ಆಯಿತು. ಕಂಪನಿ ಸೂಳಗಿರಿ ಹತ್ತಿರ ಹೊಸ ಘಟಕ ತೆರೆದಾಗ, ಹೆಂಡತಿಯನ್ನೂ ನಾಲ್ಕು ವರ್ಷದ ಮಗಳನ್ನೂ ಕರೆದುಕೊಂಡು ಊರಿಗೇ ಬಂದ.

ಮಗುವಿಗೆ ಅಪ್ಪ ಇಟ್ಟ ಹೆಸರು ಶಶಿ. ತಾಯಿ ಕರೆಯುತ್ತಿದ್ದುದು ಯ್ವೆಯ್ವೆ ಎಂದು. ಎರಡೂ ಚಂದ್ರನ ಹೆಸರೇ. ಬಂದ ಹೊಸದರಲ್ಲಿ ಶಶಿಯ ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಕೋಳಿ ಕಂಡರೆ ಮಾತು, ಬೋರಿನ ನೀರು ಕಂಡರೆ ಮಾತು, ಎಲ್ಲವೂ ತಾಯಿಯ ಭಾಷೆಯಲ್ಲಿ. ಊರಿನ ಹೆಂಗಸರು ಸುಮ್ಮನೆ ಅದನ್ನು ಕೇಳಲೆಂದೇ ಜಗಲಿಗೆ ಬಂದು ಕೂರುತ್ತಿದ್ದರು.

ಅಕ್ಕಯಮ್ಮ ಕೆಟ್ಟವಳಲ್ಲ. ಸೊಸೆಗೆ ಶುಲಾನ್ ಎನ್ನಲು ನಾಲಿಗೆ ಹೊರಳದೆ ಸುಲೋಚನಾ ಎಂದು ಕರೆದಳು. ಸೊಸೆ ತಣ್ಣೀರು ಕುಡಿಯುವುದಿಲ್ಲವೆಂದು ತಿಳಿದ ಮೇಲೆ ಒಲೆಯ ಮೇಲೆ ಸದಾ ಬಿಸಿನೀರು ಇಟ್ಟಳು. ಮುದ್ದೆ ಅವಳ ಗಂಟಲಿಗೆ ಇಳಿಯದಿದ್ದಾಗ ಬೇಜಾರಿಲ್ಲದೆ ಗಂಜಿ ಮಾಡಿಕೊಟ್ಟಳು. ಆದರೆ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಂತಳು.

ಪಕ್ಕದ ಮನೆಯ ಮಂಗಮ್ಮ ಒಂದು ದಿನ ಸೊಪ್ಪು ಕಟ್ಟುತ್ತಾ ಹೇಳಿದ್ದಳು: "ಅಕ್ಕಯ್ಯಾ, ಮನೇಲಿ ಕನ್ನಡ, ಬಾಲವಾಡೀಲಿ ತಮಿಳು. ಅದ್ರ್ ಮ್ಯಾಲೆ ಈ ಚೀನಾ ಮಾತೂ ಸೇರಿದ್ರೆ ಮಗೀನ್ ತಲೆ ಕೆಟ್ಟೋಯ್ತದೆ. ಈಗ್ಲೇ ಬಿಡ್ಸು."

ಅಕ್ಕಯಮ್ಮನಿಗೆ ಅದು ಸರಿಯೆನಿಸಿತು. ಅವಳೊಳಗೆ ಇನ್ನೊಂದು ಭಯವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ತಾಯಿ ಮಗಳು ತನಗೆ ತಿಳಿಯದ ಮಾತಿನಲ್ಲಿ ಗುಸುಗುಸು ಆಡುವಾಗೆಲ್ಲ, ಈ ಹುಡುಗಿ ಒಂದಿನ ಮಗುವನ್ನು ಎತ್ತಿಕೊಂಡು ತನ್ನ ದೇಶಕ್ಕೆ ಹೊರಟುಹೋಗುತ್ತಾಳೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಮನೆಯಲ್ಲಿ ಇನ್ನು ಆ ಭಾಷೆ ಬೇಡ ಎಂದು ಮಗನಿಗೆ ಹೇಳಿದಳು. ಅಮ್ಮನ ಜೊತೆ ಯಾಕೆ ಜಗಳವೆಂದು ಸುರೇಂದ್ರ ಹೆಂಡತಿಗೆ, ಸ್ವಲ್ಪ ದಿನ ಅಮ್ಮ ಹೇಳಿದ ಹಾಗೆ ಇರು ಅಂದ. ಶುಲಾನ್ ಒಪ್ಪಿದಳು.

ಅವಳಿಗೆ ಬರುತ್ತಿದ್ದ ಕನ್ನಡವೆಂದರೆ ಬಾ, ಉಣ್ಣು, ನೀರು, ಮಲಗು, ಬೇಡ, ಸಾಕು. ಹೀಗೇ ಮೂವತ್ತು ನಲವತ್ತು ಮಾತು. ಅಷ್ಟರಲ್ಲೇ ಅವಳು ಮಗಳನ್ನು ಸಾಕಬೇಕಾಯಿತು. ಕಥೆ ನಿಂತಿತು, ಜೋಗುಳ ನಿಂತಿತು. ತಾಯಿಯ ಮಾತು ಬಾಯಿಗೆ ಬಂದಾಗೆಲ್ಲ ಅಜ್ಜಿ ಕಣ್ಣು ಬಿಡುವುದನ್ನು ನೋಡಿ ನೋಡಿ ಶಶಿಯೂ ತೆಪ್ಪಗಾಯಿತು. ಕನ್ನಡ ಇನ್ನೂ ಬಾಯಿಗೆ ಬಂದಿರಲಿಲ್ಲ. ಮಗು ಈಗ ಹಟ ಮಾಡುವುದಿಲ್ಲ, ಎಷ್ಟು ಸಮಾಧಾನ ನೋಡು ಎಂದು ಅಕ್ಕಯಮ್ಮ ಮಂಗಮ್ಮನ ಹತ್ತಿರ ಹೆಮ್ಮೆಪಟ್ಟಳು. ಇಂದಿಗೂ ಆ ಮಾತು ನೆನೆದರೆ ಅವಳು ತಲೆ ತಗ್ಗಿಸುತ್ತಾಳೆ.

ಡಿಸೆಂಬರಿನ ಚಳಿಗೆ ಶಶಿಗೆ ನೆಗಡಿಯಾಯಿತು. ಮೂರನೆಯ ದಿನ ಸಂಜೆ ಮಗು ಬಲಗಿವಿ ಹಿಡಿದುಕೊಂಡು ಅಳತೊಡಗಿತು. "ಥಂಗ್, ಥಂಗ್" ಎಂದು ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿ ಪಿಸುಗುಟ್ಟಿತು. ನೋವು ಎಂದು ಅದರ ಅರ್ಥ. ಅಕ್ಕಯಮ್ಮ ಒಳಗೆ ಬಂದಳು. ಮಗು ಪಿಸುಗುಟ್ಟುವುದನ್ನೂ ನಿಲ್ಲಿಸಿತು.

ಅಕ್ಕಯಮ್ಮ ಬೆಳ್ಳುಳ್ಳಿ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಶುಲಾನ್ ಅಡ್ಡ ಕೈ ಹಿಡಿದು, "ಅತ್ತೆ, ಬೇಡ. ಎಣ್ಣೆ ಬೇಡ" ಅಂದಳು. ಫೋನು ತೆಗೆದು ಅದರೊಳಗೆ ಏನೋ ಹೇಳಿ ಅತ್ತೆಯ ಮುಂದೆ ಹಿಡಿಯಲು ಹೋದಳು. ಮಗು ಸಾಕುವುದನ್ನು ಫೋನಿನಿಂದ ಕಲಿಯಬೇಕಾ ಎಂದು ಅಕ್ಕಯಮ್ಮ ಅದನ್ನು ಪಕ್ಕಕ್ಕೆ ಸರಿಸಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎಣ್ಣೆ ಬಿಟ್ಟಳು.

ಮರುದಿನ ಕಿವಿ ಸೋರಿತು, ನೋವು ನಿಂತಿತು, ಜ್ವರ ಇಳಿಯಿತು. ಎಣ್ಣೆ ಕೆಲಸ ಮಾಡಿತೆಂದು ಅಕ್ಕಯಮ್ಮ ಅಂದುಕೊಂಡಳು. ಕೀವು ತುಂಬಿ ಕಿವಿಯ ತಮಟೆ ಒಡೆದಿದ್ದರಿಂದ ನೋವು ನಿಂತಿದೆ ಎಂಬುದು ಅವಳಿಗೆ ಹೇಗೆ ತಿಳಿಯಬೇಕು? ಹತ್ತಿ ಇಟ್ಟಳು, ಒದ್ದೆಯಾದರೆ ಬದಲಾಯಿಸಿದಳು, ಎರಡು ದಿನಕ್ಕೊಮ್ಮೆ ಎಣ್ಣೆ ಬಿಟ್ಟಳು.

ಶುಲಾನ್ ಗಂಡನಿಗೆ ಹೇಳಿದಳು. ಸುರೇಂದ್ರ ತಾಯಿಯನ್ನು ಕೇಳಿದ. ಎಲ್ಲಾ ಮಕ್ಕಳಿಗೂ ಸೋರುತ್ತದೆ, ತಾನೇ ಒಣಗುತ್ತದೆ ಎಂದು ತಾಯಿ ಅಂದಳು. ಅವನು ಆ ಮಾತನ್ನೇ ಹೆಂಡತಿಗೆ ತಿರುಗಿ ಹೇಳಿ ಶಿಫ್ಟಿಗೆ ಹೊರಟ. ಎರಡನೇ ಸಲ ಹೇಳಿದಾಗ, ಭಾನುವಾರ ಆಸ್ಪತ್ರೆಗೆ ಹೋಗೋಣ ಅಂದ. ಭಾನುವಾರ ಕಾರ್ಖಾನೆಯಲ್ಲಿ ಓವರ್‌ಟೈಮ್ ಕೆಲಸ ಬಂತು.

ಹನ್ನೆರಡನೆಯ ದಿನ ಶುಲಾನ್ ಒಂದು ಚೀಲ ಹೆಗಲಿಗೆ ಹಾಕಿ ಮಗುವನ್ನು ಎತ್ತಿಕೊಂಡು ಹೈವೇ ಕಡೆ ನಡೆದಳು. ಬಸ್ ನಿಲ್ಲುವಲ್ಲಿ ಮಂಗಮ್ಮ ನೋಡಿದಳು. ಅವಳು ಓಡಿ ಬಂದು ಸುದ್ದಿ ಹೇಳಿದಾಗ ಅಕ್ಕಯಮ್ಮ ತೋಟದಲ್ಲಿದ್ದಳು. ಕೈಯ ಮಣ್ಣನ್ನೂ ತೊಳೆಯದೆ ಓಡಿ, ಸೊಸೆಯ ತೋಳಿನಿಂದ ಮಗುವನ್ನು ಕಿತ್ತುಕೊಂಡಳು. ಶುಲಾನ್ ಏನೋ ಹೇಳಲು ಹೋದಳು. ಬಾಯಿಗೆ ಬಂದದ್ದು, "ಬೇಡ ಅತ್ತೆ, ಬೇಡ" ಅಷ್ಟೇ.

ಭಯಪಟ್ಟ ಹಾಗೇ ಆಯಿತೆಂದು ಅಕ್ಕಯಮ್ಮ ಅಂದುಕೊಂಡಳು. ಸುರೇಂದ್ರನಿಗೆ ಹೆಂಡತಿ ನಿಜ ಹೇಳಿದಳು. ಆದರೆ ಸಿಟ್ಟಿನಲ್ಲಿದ್ದ ತಾಯಿಯ ಮುಂದೆ ಅವನು ಬಾಯಿ ಬಿಡಲಿಲ್ಲ. ಸಂಕ್ರಾಂತಿ ಕಳೆಯಲಿ, ಎಲ್ಲ ತಣ್ಣಗಾದ ಮೇಲೆ ನೋಡೋಣ ಅಂದ. ಅಲ್ಲಿಂದಾಚೆ ಶುಲಾನ್ ಬಾಗಿಲು ದಾಟಲಿಲ್ಲ.

ಸಂಕ್ರಾಂತಿ ಕಳೆದ ಮೂರನೆಯ ದಿನ ಹಳ್ಳಿ ನರ್ಸು ವರಲಕ್ಷ್ಮಿ ಮಕ್ಕಳ ಚುಚ್ಚುಮದ್ದಿನ ಪಟ್ಟಿ ಹಿಡಿದು ಮನೆಗೆ ಬಂದಳು. ಶಶಿ ಜಗಲಿಯ ಮೇಲೆ ಆ ಕಡೆ ತಿರುಗಿ ಕೂತಿತ್ತು. ವರಲಕ್ಷ್ಮಿ ಬಲಗಡೆಯಿಂದ ಎರಡು ಸಲ ಹೆಸರು ಹಿಡಿದು ಕರೆದಳು. ಮಗು ತಿರುಗಲಿಲ್ಲ. ಹತ್ತಿರ ಬಂದು ನೋಡಿದರೆ ಕಿವಿಯಲ್ಲಿ ಹತ್ತಿ, ಕೆಟ್ಟ ವಾಸನೆ.

ಎಷ್ಟು ದಿನವಾಯಿತೆಂದು ಕೇಳಿದಳು. ಒಂದು ಹತ್ತು ದಿನ ಆಗಿರಬಹುದು ಎಂದಳು ಅಕ್ಕಯಮ್ಮ. ಬಾಗಿಲಲ್ಲಿ ನಿಂತಿದ್ದ ಶುಲಾನ್ ಒಳಗೆ ಹೋಗಿ ಒಂದು ಪುಸ್ತಕ ತಂದಳು. ಅದು ಮಗು ಹುಟ್ಟಿದಾಗ ಚೀನಾದ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಆರೋಗ್ಯದ ಪುಸ್ತಕ. ಕೊನೆಯ ಖಾಲಿ ಹಾಳೆಯಲ್ಲಿ ಅವಳು ದಿನಕ್ಕೊಂದು ಸಾಲು ಬರೆದಿದ್ದಳು. ವರಲಕ್ಷ್ಮಿ ಬೆರಳಿಟ್ಟು ಎಣಿಸಿದಳು. ಮೂವತ್ತೆಂಟು ಸಾಲು.

ವರಲಕ್ಷ್ಮಿ ತನ್ನ ಫೋನಿನಲ್ಲಿ ಮಾತು ತಿರುಗಿಸುವ ಆಪ್ ತೆರೆದು ಶುಲಾನ್ ಮುಂದೆ ಹಿಡಿದಳು. ಶುಲಾನ್ ಅತ್ತೆಯ ಮುಖ ನೋಡಿದಳು. ಆಮೇಲೆ ಅವಳು ಮಾತಾಡಿದಳು. ಊರಿಗೆ ಬಂದ ಏಳು ತಿಂಗಳಲ್ಲಿ ಸೊಸೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅಕ್ಕಯಮ್ಮ ಕೇಳಿದ್ದು ಅದೇ ಮೊದಲು. ಫೋನು ತಮಿಳಿನಲ್ಲಿ ಹೇಳಿತು, ವರಲಕ್ಷ್ಮಿ ಕನ್ನಡದಲ್ಲಿ ಹೇಳಿದಳು.

"ಮಗೀಗೆ ಎರಡು ವರ್ಸ ಇದ್ದಾಗ್ಲೂ ಹಿಂಗೇ ಆಗಿತ್ತಂತೆ ಅಕ್ಕಾ. ಇನ್ನೊಂದ್ ಸಲ ಬಂದ್ರೆ ಎರಡು ದಿನದೊಳ್ಗೆ ಕರ್ಕಂಬನ್ನಿ, ಕಿವಿಗೇನೂ ಬಿಡ್ಬೇಡಿ ಅಂತ ಅಲ್ಲಿ ಡಾಕ್ಟ್ರು ಹೇಳಿದ್ರಂತೆ. ಅದುನ್ನ ನಿಮ್ಗೆ ಹೇಳಾಕೆ ಅವ್ಳತ್ರ 'ಬೇಡ' ಅನ್ನೋದೊಂದೇ ಮಾತು ಇತ್ತಂತೆ." ವರಲಕ್ಷ್ಮಿ ಪುಸ್ತಕ ಎತ್ತಿ ತೋರಿಸಿದಳು. "ಅವತ್ತು ಬಸ್ ಸ್ಟಾಪಿಗೆ ಹೋಗಿದ್ದು ಓಡ್ಹೋಗಾಕಲ್ವಂತೆ. ಈ ಪುಸ್ತ್ಕ ತಗಂಡು ಕೃಷ್ಣಗಿರಿ ಆಸ್ಪತ್ರೆಗೆ ಹೊಂಟಿದ್ಲಂತೆ."

ಅಕ್ಕಯಮ್ಮ ವರಲಕ್ಷ್ಮಿಯ ಕೈಲೇ ಮಗನಿಗೆ ಫೋನು ಮಾಡಿಸಿದಳು.

ಮರುದಿನ ಬೆಳಿಗ್ಗೆ ಸುರೇಂದ್ರ ರಜೆ ಹಾಕಿದ. ಎಲ್ಲರೂ ಕೃಷ್ಣಗಿರಿಗೆ ಹೋದರು. ಕಿವಿ ಡಾಕ್ಟರು ದೀಪ ಹಿಡಿದು ನೋಡಿ, ಯಂತ್ರದ ಮುಂದೆ ಕೂರಿಸಿ ಪರೀಕ್ಷೆ ಮಾಡಿದರು. ತಮಟೆಯಲ್ಲಿ ದೊಡ್ಡ ತೂತಾಗಿದೆ, ಒಳಗಿನ ಸಣ್ಣ ಮೂಳೆಗಳಿಗೂ ಕೀವು ತಗುಲಿದೆ, ಬಲಗಿವಿ ಅರ್ಧಕ್ಕಿಂತ ಕಡಿಮೆ ಕೇಳಿಸುತ್ತಿದೆ ಎಂದರು. ಔಷಧಿಯಿಂದ ಸೋರುವುದು ನಿಲ್ಲುತ್ತದೆ. ಮಗು ದೊಡ್ಡದಾದ ಮೇಲೆ ಆಪರೇಷನ್ ಮಾಡಿ ತೂತು ಮುಚ್ಚಬಹುದು. ಹೋದ ಕಿವಿ ಎಷ್ಟು ತಿರುಗಿ ಬರುತ್ತದೆಂದು ಈಗಲೇ ಹೇಳಲಾಗುವುದಿಲ್ಲ.

ಮೊದಲ ವಾರವೇ ಬಂದಿದ್ದರೆ ಏನಾಗುತ್ತಿತ್ತೆಂದು ಅಕ್ಕಯಮ್ಮನೇ ಕೇಳಿದಳು. ಔಷಧಿಯಲ್ಲೇ ವಾಸಿಯಾಗುವ ಸಾಧ್ಯತೆ ಬಹಳ ಇತ್ತು ಎಂದರು ಡಾಕ್ಟರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸಿತು.

ಸುರೇಂದ್ರ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೆಲ ನೋಡುತ್ತಾ ಹೇಳಿದ: "ನಂಗೆ ಎಲ್ಲಾ ಗೊತ್ತಿತ್ತಮ್ಮ. ಅವ್ಳ್ ಮಾತು ಈ ಮನೇಲಿ ಅರ್ಥ ಆಯ್ತಿದ್ದಿದ್ದು ನಂಗೊಬ್ಬಂಗೇ. ನಾನೇ ನಿಂಗೆ ಹೇಳ್ಲಿಲ್ಲ."

ವಾರ ಬಿಟ್ಟು ವರಲಕ್ಷ್ಮಿ ಮತ್ತೆ ಬಂದಳು. ಮಗು ಯಾಕೆ ಮಾತಾಡುವುದಿಲ್ಲವೆಂದು ಕೇಳಿದಾಗ ಅಕ್ಕಯಮ್ಮ ಮುಚ್ಚಿಡದೆ ಎಲ್ಲ ಹೇಳಿದಳು. ಮಂಗಮ್ಮನೂ ಅಲ್ಲೇ ಇದ್ದಳು, ಇಷ್ಟೊಂದು ಭಾಷೆ ಮಗುವಿಗೆ ಹೊರೆಯಲ್ಲವೇ ಎಂದಳು.

"ಮಂಗಮ್ಮಕ್ಕಾ, ನೀವು ಮಂಡೀಲಿ ತೆಲುಗು ಆಡ್ತೀರಾ, ತಾಲೂಕಾಪೀಸಲ್ಲಿ ತಮಿಳು ಆಡ್ತೀರಾ, ಮನೇಲಿ ಕನ್ನಡ. ನಿಮ್ ತಲೆ ಏನಾರ ಕೆಟ್ಟೈತಾ?" ಎಂದಳು ವರಲಕ್ಷ್ಮಿ. "ಮಗೀಗೆ ನೋವಾದ್ರೆ, ಹೆದ್ರಿಕೆ ಆದ್ರೆ, ಮೊದ್ಲು ಬರೋದು ತಾಯಿ ಮಾತು. ಅದುನ್ನೇ ಬಿಡ್ಸಿದ್ರೆ ಮಗು ಇನ್ಯಾವ್ದ್ರಲ್ಲಿ ಹೇಳ್ಬೇಕು? ತಾಯಿ ಮಾತು ಗಟ್ಟಿ ಇದ್ರೆ ಮಿಕ್ಕಿದ್ ಮಾತು ತಾನಾಗೇ ಬತ್ತವೆ."

ಅಂದೇ ಸಂಜೆ ಅಕ್ಕಯಮ್ಮ ಸೊಸೆಯ ಪಕ್ಕ ಬಂದು ಕೂತಳು. "ತಪ್ಪಾಯ್ತು ಕಣಮ್ಮ ಶುಲಾನ್" ಅಂದಳು. ಹೆಸರು ಅರ್ಧಂಬರ್ಧವಾಗಿಯೇ ಬಂತು. "ಮಗೀನ್ ಜೊತೆ ನಿನ್ ಮಾತಾಡು. ನಾನೂ ಕೇಳ್ತೀನಿ."

ಶುಲಾನ್ ಮಗಳನ್ನು ಹತ್ತಿರ ಕರೆದು ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಶಶಿ ಬಾಯಿ ತೆರೆಯಲಿಲ್ಲ. ತಿರುಗಿ ಅಜ್ಜಿಯ ಮುಖ ನೋಡಿತು, ಮಾತಾಡಬಹುದೇ ಎಂದು ಕೇಳುವ ಹಾಗೆ. ನಾಲ್ಕು ವರ್ಷದ ಮಗು ತನ್ನ ತಾಯಿಗೆ ಉತ್ತರ ಕೊಡಲು ಅಪ್ಪಣೆ ಕೇಳುತ್ತಿತ್ತು. ಅಕ್ಕಯಮ್ಮ ತಲೆಯಾಡಿಸಿದಳು. ಮಗು ಆದರೂ ಮಾತಾಡಲಿಲ್ಲ. ಮೊದಲ ಮಾತು ಬರಲು ಹನ್ನೊಂದು ದಿನ ಹಿಡಿಯಿತು. ಮೊದಲಿನ ಹಾಗೆ ಕೋಳಿ ಹಿಂದೆ ಓಡುತ್ತಾ ಮಾತಾಡುವಷ್ಟರಲ್ಲಿ ಯುಗಾದಿ ಬಂತು.

ಈಗ ಶಶಿ ಬಾಲವಾಡಿಯಲ್ಲಿ ಟೀಚರು ತನ್ನ ಎಡಕ್ಕೆ ಬರುವ ಹಾಗೆ ಕೂರುತ್ತದೆ, ಎಡಗಿವಿ ಅವರ ಕಡೆಗಿರಲೆಂದು. ಅಜ್ಜಿಗೆ ಒಂದು ಮಾತು, ಅಮ್ಮನಿಗೆ ಒಂದು ಮಾತು, ಟೀಚರಿಗೆ ಒಂದು ಮಾತು, ಯಾವುದನ್ನೂ ಕಲಸುವುದಿಲ್ಲ. ಆದರೆ ಬಲಗಡೆಯಿಂದ ಬೈಕು ಬಂದರೆ ಮಗುವಿಗೆ ತಿಳಿಯುವುದಿಲ್ಲ. ಅದಕ್ಕೆ ಅಕ್ಕಯಮ್ಮ ದಿನವೂ ಮಗುವನ್ನು ಬಾಲವಾಡಿಗೆ ಬಿಡುವಾಗ ತಾನು ಬಲಗಡೆ ನಡೆಯುತ್ತಾಳೆ. ಮಹಿಳಾ ಸಂಘದ ಸಭೆಯಲ್ಲಿ ಈ ಕಥೆಯನ್ನು ಮೊದಲು ಹೇಳಿದವಳೂ ಅವಳೇ. ಅಲ್ಲಿ ಅವಳು ಹೇಳಿದ್ದು ಇಷ್ಟೇ: "ಅವ್ಳು ಹೇಳ್ತಾನೇ ಇದ್ಲು ಕಣ್ರಮ್ಮ. ನಾನು ಕಿವಿ ಇದ್ದೂ ಕೇಳಿಸ್ಕಳ್ಲಿಲ್ಲ. ಈಗ ಮಗೀಗೆ ಕೇಳ್ಸಾಕಿಲ್ಲ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಮಗು ಕಿವಿ ಹಿಡಿದುಕೊಂಡು ಅತ್ತರೆ, ಕಿವಿ ಸೋರಿದರೆ, ಎಣ್ಣೆಯಾಗಲಿ ಹಾಲಾಗಲಿ ಸೊಪ್ಪಿನ ರಸವಾಗಲಿ ಬಿಡಬೇಡಿ. ಕಡ್ಡಿ ಹಾಕಬೇಡಿ. ಸ್ನಾನ ಮಾಡಿಸುವಾಗ ನೀರು ಹೋಗದ ಹಾಗೆ ನೋಡಿಕೊಳ್ಳಿ. ನೋವು ನಿಂತಿತೆಂದು ಸುಮ್ಮನಾಗಬೇಡಿ, ಎರಡು ದಿನದೊಳಗೆ ಡಾಕ್ಟರಿಗೆ ತೋರಿಸಿ. ಹಬ್ಬ ಕಳೆಯಲಿ, ಭಾನುವಾರ ಬರಲಿ ಎಂದು ಕಾಯಬೇಡಿ. ನಮ್ಮ ಊರುಗಳಿಗೆ ಈಗ ಎಲ್ಲೆಲ್ಲಿಂದಲೋ ಸೊಸೆಯರು ಬರುತ್ತಿದ್ದಾರೆ, ಕಾರ್ಖಾನೆ ಕೆಲಸಕ್ಕೆ ಸಂಸಾರಗಳು ಬರುತ್ತಿವೆ. ಆ ತಾಯಂದಿರು ತಮ್ಮ ಮಕ್ಕಳ ಜೊತೆ ತಮ್ಮ ಮಾತಾಡಲಿ, ತಡೆಯಬೇಡಿ. ಅವರು ತಂದ ಆರೋಗ್ಯದ ಪುಸ್ತಕ ಯಾವ ಅಕ್ಷರದಲ್ಲಿದ್ದರೂ ನಿಮ್ಮೂರ ನರ್ಸಮ್ಮನಿಗೆ ತೋರಿಸಿ. ನಿಮ್ಮ ಬೀದಿಯಲ್ಲಿ ಭಾಷೆ ಬಾರದ ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ಬಸ್ಸಿಗೆ ನಿಂತಿರುವುದನ್ನು ಕಂಡರೆ, ಸುದ್ದಿ ಹೇಳಲು ಓಡಬೇಡಿ. ಮಗುವಿಗೆ ಏನಾಗಿದೆ ಎಂದು ಅವಳನ್ನೇ ಕೇಳಿ, ಅವಳ ಜೊತೆ ಬಸ್ಸು ಹತ್ತಿ.