ಬಟ್ಟಲ ಕೆಳಗಿನ ಬಾತುಕೋಳಿ

ಮೊಮ್ಮಗಳ ಬುದ್ಧಿಯ ಬಗ್ಗೆ ರತ್ನಮ್ಮನವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಡಾಕ್ಟರುಗಳ ಬುದ್ಧಿಯ ಬಗ್ಗೆ. ಹುಟ್ಟುವಾಗಲೇ ಧನುಶ್ರೀಯ ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಬಲಗೈ ಸೋತಿತ್ತು. ಎರಡು ವರ್ಷ ತುಂಬುತ್ತ ಬಂದರೂ ಮಾತಿಲ್ಲ. ಈಗ ಕಂಡದ್ದು ಮರುಗಳಿಗೆಗೆ ಈ ಮಗುವಿನ ನೆನಪಿನಲ್ಲಿ ಉಳಿಯುತ್ತದೆಯೋ ಇಲ್ಲವೋ ಎಂಬ ಚಿಂತೆ ತಾಯಿ ಅನುರಾಧಾಳನ್ನು ಒಳಗೊಳಗೇ ತಿನ್ನುತ್ತಿತ್ತು. ಅದನ್ನು ತಿಳಿಯಲೆಂದೇ 2003ರ ಜನವರಿಯ ಕೊನೆಯಲ್ಲಿ, ಸಂಕ್ರಾಂತಿ ಹಬ್ಬದ ಗಾಳಿಪಟಗಳು ಇನ್ನೂ ಕರೆಂಟಿನ ತಂತಿಗಳಲ್ಲಿ ನೇತಾಡುತ್ತಿರುವಾಗ, ಮೂವರೂ ತಮ್ಮ ಮನೆಯಿದ್ದ ಮಣಿನಗರದಿಂದ ಆಟೊ ಹತ್ತಿ ಒಂದು ಸಂಶೋಧನಾ ಕೇಂದ್ರಕ್ಕೆ ಬಂದಿದ್ದರು.

ಅಲ್ಲಿ ಕೆಲಸಕ್ಕಿದ್ದ, ಕನ್ನಡ ಬಾರದ ಹೇತಲ್ ಎಂಬ ಹುಡುಗಿ ಮಗುವಿನ ತಲೆಗೆ ತಂತಿಗಳ ಟೋಪಿ ತೊಡಿಸಿದಳು. ಮೆದುಳಿನ ಅಲೆಗಳನ್ನು ಅದು ಬರೆದುಕೊಳ್ಳುತ್ತದಂತೆ.

"ಮೊಗ್ಗಿನ ಜಡೆ ಹಾಕಿಸ್ಕೊಂಡ್ಯಾ ಬಂಗಾರಿ?" ಎಂದು ಅಜ್ಜಿ ಮುದ್ದಿಸಿದ್ದೇ ಧನು ಕಿಲಕಿಲನೆ ನಕ್ಕು ಅವರ ಮಡಿಲಲ್ಲಿ ಜಂಬದಿಂದ ಕೂತಳು.

ಮೇಜಿನ ಮೇಲೆ ಎಡಕ್ಕೊಂದು, ಬಲಕ್ಕೊಂದು ನೀಲಿ ಬಟ್ಟಲು. ಮಗು ನೋಡುತ್ತಿರುವಾಗಲೇ ಹೇತಲ್ ಒಂದರ ಕೆಳಗೆ ರಬ್ಬರ್ ಬಾತುಕೋಳಿ ಬಚ್ಚಿಟ್ಟು, ರಟ್ಟು ಅಡ್ಡ ಹಿಡಿದು, ಹತ್ತು ಸೆಕೆಂಡು ಬಿಟ್ಟು ತೆಗೆಯುತ್ತಿದ್ದಳು. ಮಗು ಹುಡುಕಬೇಕು. ಅಷ್ಟೇ ಪರೀಕ್ಷೆ.

ಮೊದಲ ಸಲ ಬಲಕ್ಕಿಟ್ಟಳು. ಧನು ಬಾಗಿದ ಬಲಗೈಯನ್ನು ಮುಂದೆ ತಂದು ಬಟ್ಟಲು ತಳ್ಳಿ ಬಾತುಕೋಳಿ ಹಿಡಿದಳು. ಎರಡನೆಯ ಸಲ ಎಡಕ್ಕಿಟ್ಟರೂ ಕೈ ಬಲಕ್ಕೇ ಹೋಯಿತು. ನಾಲ್ಕು ಸಲವೂ ಅದೇ ಕತೆ.

"ನೆನಪಿನಿಂದಲ್ಲ ಅತ್ತೆ, ಸುಮ್ನೆ ಕೈಗೆ ಸಿಕ್ಕಿದ್ದನ್ನ ತಳ್ತಿದಾಳೆ," ಎಂದಳು ಅನುರಾಧಾ.

ರತ್ನಮ್ಮನವರಿಗೆ ಸಿಟ್ಟು ನೆತ್ತಿಗೇರಿತು. ಮುಚ್ಚಿಟ್ಟ ಬೆಲ್ಲದ ಡಬ್ಬಿಯನ್ನು ಅಡುಗೆಮನೆಯೆಲ್ಲ ತೆವಳಿ ಹುಡುಕುವ ಮಗುವಿಗೆ ನೆನಪಿಲ್ಲವಂತೆ! ಐದನೆಯ ಸಲ ಬಾತುಕೋಳಿ ಎಡಕ್ಕೆ ಹೋಯಿತು. ರಟ್ಟು ಸರಿದದ್ದೇ ಮಗು ಎಡ ಬಟ್ಟಲನ್ನೇ ನೆಟ್ಟ ಕಣ್ಣಿನಿಂದ ನೋಡಿತು. ಆಗ ಅಜ್ಜಿಯ ಮುಷ್ಟಿಯೊಳಗೆ ಏನೋ ಮಿಸುಕಾಡಿತು. ಬಗ್ಗಿ ನೋಡಿದರೆ ಮಗುವಿನ ಎಡಗೈ!

ಎಡಗೈಯಲ್ಲಿ ಏನನ್ನೂ ತೆಗೆದುಕೊಳ್ಳಬಾರದೆಂಬುದು ಅವರ ಮನೆಯ ಕಟ್ಟಳೆ. ಸಾಲದ್ದಕ್ಕೆ, ಬಲಗೈಗೇ ಕೆಲಸ ಕೊಡಿ ಎಂದು ವ್ಯಾಯಾಮ ಕಲಿಸುವವರೂ ಹೇಳಿದ್ದರು. ಅಂದಿನಿಂದ ಬಿಸ್ಕತ್ತು ಕೊಡುವಾಗಲೆಲ್ಲ ಅಜ್ಜಿ ಆ ಎಡಗೈಯನ್ನು ಸೆರಗಿನೊಳಗೆ ಅದುಮಿ ಹಿಡಿಯುತ್ತಿದ್ದರು. ಇಲ್ಲಿಯೂ ತಮಗರಿವಿಲ್ಲದೆ ಹಿಡಿದಿದ್ದರು. ಆ ಸೋತ ಬಲಗೈ ಎಡ ಬಟ್ಟಲಿನ ತನಕ ಚಾಚುವುದಾದರೂ ಹೇಗೆ?

ನಾಚಿಕೆಯಿಂದ ಅವರ ಮುಖ ಕೆಂಪಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮುಚ್ಚಿಕೊಳ್ಳುವ ಬಾಯಿಯಲ್ಲ ಅದು.

"ತಪ್ಪು ನಂದು ಅನು! ಇವಳ ಕೈ ನಾನೇ ಹಿಡ್ಕೊಂಡು ಕೂತಿದೀನಿ. ಆ ಹುಡುಗೀಗೆ ಹೇಳು, ಮೊದಲಿಂದ ಮಾಡ್ಲಿ." ಆಮೇಲೆ ಮುಷ್ಟಿ ಬಿಚ್ಚಿ ಮಗುವಿನ ಕಿವಿಯ ಹತ್ತಿರ ಬಗ್ಗಿದರು. "ತಗೋ ಕಂದಾ. ಎಡಗೈಲೇ ತಗೋ."

ಅನುರಾಧಾ ಹಿಂದಿಯಲ್ಲಿ ವಿವರಿಸಿದಳು. ಹೇತಲ್ ನಗು ತಡೆದುಕೊಂಡು ಹೊಸ ಹಾಳೆ ತೆಗೆದಳು.

ಆರು ಸಲ ಬಚ್ಚಿಟ್ಟಳು. ಆರು ಸಲವೂ ಧನು ಸರಿಯಾದ ಬಟ್ಟಲನ್ನೇ ಎತ್ತಿದಳು. ಅಲೆಗಳ ಲೆಕ್ಕ ಹೇಳಲು ಒಂದು ವಾರ ಬೇಕು, ಆದರೆ ನೆನಪಂತೂ ಚೆನ್ನಾಗಿಯೇ ಇದೆ ಎಂದಳು ಹೇತಲ್. ಅನುರಾಧಾ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಳು. ರತ್ನಮ್ಮನವರಿಗೆ ಸಂತೋಷಕ್ಕೆ ಅಳು ಬಂತು, ಧಾರಾಳವಾಗಿ ಅತ್ತರು.

ಧನುವಿಗೆ ಆಟ ಇನ್ನೂ ಮುಗಿದಿರಲಿಲ್ಲ. ಅವಳೇ ಬಾತುಕೋಳಿಯನ್ನು ಒಂದು ಬಟ್ಟಲ ಕೆಳಗೆ ತುರುಕಿ, ಅಜ್ಜಿಯ ಕಡೆ ತಿರುಗಿ, ಹುಡುಕು ಎನ್ನುವಂತೆ ಕಾದಳು. ಕಣ್ಣೀರು ತುಂಬಿದ ಕಣ್ಣಿಗೆ ಏನು ಕಾಣಬೇಕು? ಅಜ್ಜಿ ಅಂದಾಜಿನ ಮೇಲೆ ಒಂದು ಬಟ್ಟಲು ಎತ್ತಿದರು. ಖಾಲಿ.

ಮಗು ಹೊಟ್ಟೆ ಹಿಡಿದುಕೊಂಡು ನಕ್ಕಿತು.